ಹಡಗು ಹತ್ತುವ ಮುಂಚೆ: ವರ್ಜೀನಿಯಾ, ಮ್ಯಾಸಚೂಸೆಟ್ಸ್, ಪೆನ್ಸಿಲ್ವೇನಿಯಾ, ಕ್ಯಾರೊಲಿನಾ – ಯಾರಿಗೆ ಯಾವುದು?

ಅಕ್ಕನ ಮಗಳು ನ್ಯೂ ಜೆರ್ಸಿಯಲ್ಲಿ ಐದನೇ ಕ್ಲಾಸು ಓದುತ್ತಿದ್ದಾಳೆ. ಹೋದ ತಿಂಗಳು ಸ್ಕೂಲಿನಲ್ಲಿ ಒಂದು ಹೋಮ್‌ವರ್ಕ್ ಕೊಟ್ಟಿದ್ದರು. ನೀನು 1600ರ ನಂತರದ ಇಂಗ್ಲೆಂಡಿನಲ್ಲಿದ್ದೀಯ ಅಂದುಕೋ. ಹಡಗು ಹತ್ತಿ ಅಮೆರಿಕಕ್ಕೆ ಹೋಗಬೇಕು. ಉತ್ತರದ ನ್ಯೂ ಇಂಗ್ಲೆಂಡ್ (ಮ್ಯಾಸಚೂಸೆಟ್ಸ್ ಕಡೆ), ನಡುವಿನ ವಸಾಹತುಗಳು (ಪೆನ್ಸಿಲ್ವೇನಿಯಾ ಕಡೆ), ದಕ್ಷಿಣದ ವಸಾಹತುಗಳು (ವರ್ಜೀನಿಯಾ, ಕ್ಯಾರೊಲಿನಾ ಕಡೆ). ಈ ಮೂರರಲ್ಲಿ ಎಲ್ಲಿ ಇಳಿಯುತ್ತೀಯ, ಯಾಕೆ? ಜೊತೆಗೆ ತುಂಬಲು ಒಂದು ಪಟ್ಟಿಯೂ ಇತ್ತು: ಹವೆ, ಮಣ್ಣು, ಬೆಳೆ, ಕಸುಬು, ಧರ್ಮ.

ವಿಡಿಯೋ ಕಾಲ್ ಮಾಡಿ, "ಚಿಕ್ಕಮ್ಮ, ನಾನು ವರ್ಜೀನಿಯಾ ಅಂತ ಬರೀತೀನಿ. ಅಲ್ಲಿ ಚಳಿ ಕಡಿಮೆ, ಮಣ್ಣು ಚೆನ್ನಾಗಿದೆ, ದುಡ್ಡೂ ಇದೆ" ಎಂದಳು. ಆ ಪಟ್ಟಿ ನೋಡಿದರೆ ಯಾರಾದರೂ ಅದನ್ನೇ ಬರೆಯುತ್ತಾರೆ. ಆದರೆ ಅದರಲ್ಲಿ ಎರಡು ಸಾಲು ಬಿಟ್ಟುಹೋಗಿದ್ದವು. ಹೋದವರು ಎಷ್ಟು ವರ್ಷ ಬದುಕುತ್ತಿದ್ದರು? ಮೈ ಬಗ್ಗಿಸಿ ಕೆಲಸ ಮಾಡುತ್ತಿದ್ದವರು ಯಾರು? ಈ ಎರಡು ಸಾಲು ಸೇರಿಸಿ ನೋಡಿ, ಉತ್ತರ ತಲೆಕೆಳಗಾಗುತ್ತದೆ. ನಾವಿಬ್ಬರೂ ಮೂರು ಭಾನುವಾರ ಕೂತು ಮಾಡಿದ ಹೋಲಿಕೆ ಇದು. ಅಮೆರಿಕದಲ್ಲಿ ಮಕ್ಕಳನ್ನು ಓದಿಸುತ್ತಿರುವ ಎಷ್ಟೋ ಮನೆಗಳಲ್ಲಿ ಇದೇ ಪಾಠ ಬರುತ್ತದೆ. ಅವರಿಗೂ, ಆ ಕಾಲದ ಬಗ್ಗೆ ಕುತೂಹಲ ಇರುವವರಿಗೂ ಉಪಯೋಗ ಆದೀತು.

ಮೊದಲು ಜೇಬು ನೋಡಿಕೊಳ್ಳಿ

ಯಾವ ಊರು ಎನ್ನುವ ಮುಂಚೆ ಕೈಯಲ್ಲಿ ಎಷ್ಟು ಹಣ ಇದೆ ಎನ್ನುವುದು ಮುಖ್ಯ. ಹಡಗಿನ ಖರ್ಚು ತಲೆಗೆ 5–6 ಪೌಂಡ್ ಆಗುತ್ತಿತ್ತು. ಕೂಲಿ ಮಾಡುವವನಿಗೆ ಅದು ಎಷ್ಟೋ ತಿಂಗಳ ದುಡಿಮೆ. ಅಷ್ಟು ಇಲ್ಲದವನು ಕರಾರಿಗೆ ಸಹಿ ಹಾಕುತ್ತಿದ್ದ. ಹಡಗಿನ ಖರ್ಚು ನಿಮ್ಮದು, ಅದಕ್ಕೆ ಪ್ರತಿಯಾಗಿ ನಾಲ್ಕರಿಂದ ಏಳು ವರ್ಷ ನಾನು ನಿಮ್ಮ ಆಳು. ಆಚೆ ದಡ ಮುಟ್ಟಿದ ಮೇಲೆ ಕ್ಯಾಪ್ಟನ್ ಆ ಕರಾರನ್ನು ಯಾರಿಗೆ ಬೇಕಾದರೂ ಮಾರಬಹುದಿತ್ತು. ಊಟ, ಬಟ್ಟೆ, ಮಲಗಲು ಜಾಗ ಸಿಗುತ್ತಿತ್ತು. ಸಂಬಳ ಇಲ್ಲ. ಒಡೆಯ ಒಪ್ಪದೆ ಮದುವೆಯೂ ಇಲ್ಲ.

ಮೂಲ ವ್ಯತ್ಯಾಸ ಇಲ್ಲಿಂದಲೇ ಶುರುವಾಗುತ್ತದೆ. 17ನೇ ಶತಮಾನದಲ್ಲಿ ವರ್ಜೀನಿಯಾ ಮತ್ತು ಅದರ ಪಕ್ಕದ ಮೇರಿಲ್ಯಾಂಡಿಗೆ ಹೋದ ನಾಲ್ವರು ಇಂಗ್ಲಿಷರಲ್ಲಿ ಮೂವರು ಇಂಥ ಕರಾರಿನ ಆಳುಗಳು. ಹೆಚ್ಚಿನವರು ಒಂಟಿ ಹುಡುಗರು. ನ್ಯೂ ಇಂಗ್ಲೆಂಡಿಗೆ ಹೋದವರು ಹೆಚ್ಚಾಗಿ ತಮ್ಮ ಖರ್ಚು ತಾವೇ ಕೊಟ್ಟು ಹೋದ ಸಂಸಾರಗಳು. ಗಂಡ, ಹೆಂಡತಿ, ಮಕ್ಕಳು, ಕೆಲವೊಮ್ಮೆ ಒಂದೇ ಚರ್ಚಿನ ಅಕ್ಕಪಕ್ಕದ ಮನೆಯವರೆಲ್ಲ ಒಟ್ಟಿಗೆ. ಒಂದು ಕಡೆ ಬೇಗ ದುಡಿದು ಗಂಟು ಕಟ್ಟಲು ಬಂದವರು. ಇನ್ನೊಂದು ಕಡೆ ಊರು ಕಟ್ಟಲು ಬಂದವರು. ಮುಂದಿನ ನೂರು ವರ್ಷ ಎರಡೂ ಕಡೆಯ ಬದುಕು ಬೇರೆ ಬೇರೆಯಾಗಿ ಬೆಳೆದದ್ದಕ್ಕೆ ಮಣ್ಣಿನಷ್ಟೇ ಇದೂ ಕಾರಣ ಎಂದು ನನಗೆ ಅನಿಸುತ್ತದೆ.

ವರ್ಜೀನಿಯಾ: ಹೊಗೆಸೊಪ್ಪಿನ ನಾಡು

ನಾನು ಹುಟ್ಟಿದ್ದು ಪಿರಿಯಾಪಟ್ಟಣದ ಕಡೆ. ಅಲ್ಲಿ ಈಗಲೂ ಬೆಳೆಯುವುದು ವರ್ಜೀನಿಯಾ ಹೊಗೆಸೊಪ್ಪು. ಚಿಕ್ಕವಳಿದ್ದಾಗ 'ವರ್ಜೀನಿಯಾ' ಅಂದರೆ ಒಂದು ತಳಿಯ ಹೆಸರು ಎಂದೇ ತಿಳಿದಿದ್ದೆ. ಅದೊಂದು ನಾಡು ಎಂದು ಗೊತ್ತಾದದ್ದು ಬಹಳ ತಡವಾಗಿ. ಹೊಗೆಸೊಪ್ಪಿನ ಕೆಲಸ ಎಷ್ಟು ಎನ್ನುವುದು ಆ ಕಡೆಯವರಿಗೆ ಹೇಳಬೇಕಾಗಿಲ್ಲ. ಮಡಿಯಲ್ಲಿ ಸಸಿ ಮಾಡಬೇಕು, ನಾಟಿ ಮಾಡಬೇಕು, ಹುಳ ಆರಿಸಬೇಕು, ಕುಡಿ ಚಿವುಟಬೇಕು, ಎಲೆ ಮುರಿಯಬೇಕು, ಕಟ್ಟಿ ಒಣಗಿಸಬೇಕು. ಮನೆಯವರೆಲ್ಲ ಸೇರಿದರೂ ಕೈ ಸಾಲುವುದಿಲ್ಲ. ಹಳೆಯ ವರ್ಜೀನಿಯಾದಲ್ಲಿ ನಮ್ಮಂತೆ ಬ್ಯಾರನ್ ಎಂಬ ಸೊಪ್ಪಿನ ಗೂಡಿನಲ್ಲಿ ಬೆಂಕಿ ಹಾಕಿ ಬೇಯಿಸುತ್ತಿರಲಿಲ್ಲ. ಕೊಟ್ಟಿಗೆಯಲ್ಲಿ ನೇತುಹಾಕಿ ಗಾಳಿಗೆ ಒಣಗಿಸಿ, ದೊಡ್ಡ ಪೀಪಾಯಿಗಳಲ್ಲಿ ತುಂಬುತ್ತಿದ್ದರು. ಮಿಕ್ಕ ಕೆಲಸವೆಲ್ಲ ಹೆಚ್ಚುಕಡಿಮೆ ಅದೇ. ಹಾಗಾಗಿ ಆ ವಸಾಹತಿನ ಕಥೆಯೆಲ್ಲ ಕೊನೆಗೆ ಬಂದು ನಿಲ್ಲುವುದು ಆಳು ಎಲ್ಲಿಂದ ತರುವುದು ಎನ್ನುವ ಒಂದೇ ಪ್ರಶ್ನೆಯಲ್ಲಿ.

ಶುರು ಭಯಂಕರವಾಗಿತ್ತು. 1607ರ ಮೇ ತಿಂಗಳಲ್ಲಿ ಜೇಮ್ಸ್‌ಟೌನಿನಲ್ಲಿ ಇಳಿದವರು 104 ಗಂಡಸರು ಮತ್ತು ಹುಡುಗರು. ಮುಂದಿನ ಜನವರಿಗೆ ಬದುಕಿದ್ದವರು 38. ನದಿ ದಡದ ಜೌಗಿನಲ್ಲಿ ಕೋಟೆ ಕಟ್ಟಿದ್ದರು. ಬೇಸಗೆಯಲ್ಲಿ ಕುಡಿಯುವ ನೀರೇ ಉಪ್ಪಾಗುತ್ತಿತ್ತು. ಆಮಶಂಕೆ, ವಿಷಮಶೀತ ಜ್ವರ, ಹಸಿವು ಎಲ್ಲವೂ ಒಟ್ಟಿಗೆ ಬಂದವು. 1609–10ರ ಚಳಿಗಾಲದಲ್ಲಿ ಕೋಟೆಯೊಳಗೆ ಉಳಿದಿದ್ದ ಇನ್ನೂರು ಮುನ್ನೂರು ಜನರಲ್ಲಿ ಮುಂದಿನ ಮೇ ತಿಂಗಳು ಕಂಡವರು 60ರ ಸುಮಾರು. 1624ರವರೆಗೆ ಆರು ಸಾವಿರಕ್ಕೂ ಹೆಚ್ಚು ಜನರನ್ನು ಅಲ್ಲಿಗೆ ಕಳಿಸಲಾಯಿತು. ಉಳಿದವರು 1,200ರಷ್ಟು.

ವಸಾಹತು ನಡೆಸುತ್ತಿದ್ದ ಲಂಡನ್ನಿನ ವರ್ಜೀನಿಯಾ ಕಂಪನಿ ಮುಳುಗುವ ಹೊತ್ತಿಗೆ ಕೈಹಿಡಿದದ್ದು ಹೊಗೆಸೊಪ್ಪು. ಅಲ್ಲಿಯ ನಾಟಿ ಸೊಪ್ಪು ಕಹಿ, ಲಂಡನ್ನಿನಲ್ಲಿ ಕೇಳುವವರಿರಲಿಲ್ಲ. 1612ರ ಸುಮಾರಿಗೆ ಜಾನ್ ರಾಲ್ಫ್ ಸ್ಪ್ಯಾನಿಷ್ ವಸಾಹತುಗಳ ಕಡೆಯ ಸಿಹಿ ತಳಿಯ ಬೀಜ ತಂದು ಬೆಳೆದ. ಅಷ್ಟೇ, ಊರಿಗೂರೇ ಹುಚ್ಚು ಹಿಡಿದಂತಾಯಿತು. ಹೊಟ್ಟೆಗೆ ಬೇಕಾದ ಮುಸುಕಿನ ಜೋಳ ಬಿತ್ತದವನು ಹೊಗೆಸೊಪ್ಪು ಹಾಕುವಂತಿಲ್ಲ ಎಂದು ಆಡಳಿತವೇ ಕಟ್ಟಪ್ಪಣೆ ಮಾಡಬೇಕಾಯಿತು. 1619ರಲ್ಲಿ ಒಳ್ಳೆಯ ಸೊಪ್ಪಿಗೆ ಪೌಂಡ್ ತೂಕಕ್ಕೆ 3 ಶಿಲಿಂಗ್, ಅಂದರೆ 36 ಪೆನ್ನಿ ಗೊತ್ತುಮಾಡಿದ್ದರು. 1630ರ ಹೊತ್ತಿಗೆ ಬೆಲೆ ಒಂದು ಪೆನ್ನಿಯ ಮಟ್ಟಕ್ಕೆ ಬಿದ್ದಿತ್ತು. ಬೆಲೆ ಬಿದ್ದಾಗ ರೈತ ಏನು ಮಾಡುತ್ತಾನೆ? ಇನ್ನೂ ಜಾಸ್ತಿ ಬೆಳೆಯುತ್ತಾನೆ. ಬೆಲೆ ಇನ್ನೂ ಬೀಳುತ್ತದೆ. ಪಿರಿಯಾಪಟ್ಟಣದ ಹರಾಜು ಕಟ್ಟೆಯಲ್ಲಿ ನಿಂತವರಿಗೆ ಈ ಸುಳಿ ಗೊತ್ತು.

ಹೊಗೆಸೊಪ್ಪು ಮೂರು ನಾಲ್ಕು ವರ್ಷದಲ್ಲಿ ಮಣ್ಣಿನ ಸಾರವನ್ನೆಲ್ಲ ಹೀರುತ್ತದೆ. ಹೊಸ ಹೊಲ ಬೇಕು, ಕಾಡು ಕಡಿಯಬೇಕು. ಆ ಕಾಡು, ಆ ಹೊಲ ಅಲ್ಲಿಯ ಮೂಲನಿವಾಸಿಗಳಾದ ಪೌಹಟನ್ ಜನರದ್ದು. ನೆಲದ ಹಸಿವು ಹೆಚ್ಚಿದಂತೆ ಜಗಳ ಹೆಚ್ಚಿತು. 1622ರ ಒಂದು ಬೆಳಿಗ್ಗೆ ಅವರು ಎದ್ದು ನಿಂತು 347 ವಲಸಿಗರನ್ನು ಕೊಂದರು. ಆಮೇಲೆ ಇಂಗ್ಲಿಷರು ನಡೆಸಿದ ಸೇಡಿನ ಯುದ್ಧ ವರ್ಷಗಟ್ಟಲೆ ಎಳೆಯಿತು.

ಇಲ್ಲಿ ಪೇಟೆ ಬೆಳೆಯಲಿಲ್ಲ. ದೊಡ್ಡ ನದಿಗಳು ಒಳನಾಡಿನವರೆಗೆ ಚಾಚಿಕೊಂಡಿದ್ದವು. ಹಡಗು ಸೀದಾ ಜಮೀನ್ದಾರನ ಕಟ್ಟೆಗೇ ಬರುತ್ತಿತ್ತು, ಪೀಪಾಯಿ ಏರಿಸಿಕೊಂಡು ಇಂಗ್ಲೆಂಡಿನ ಸಾಮಾನು ಇಳಿಸಿ ಹೋಗುತ್ತಿತ್ತು. ಇನ್ನು ಪೇಟೆ ಯಾಕೆ ಬೇಕು? ಪೇಟೆ ಇಲ್ಲದ ಕಡೆ ಸ್ಕೂಲೂ ಕಷ್ಟ, ಅಚ್ಚುಕೂಟವೂ ಕಷ್ಟ. ಇಲ್ಲಿ ಊರೂರಿಗೆ ಸ್ಕೂಲಿಲ್ಲ, ಅಚ್ಚುಕೂಟವಿಲ್ಲ, ಅದಕ್ಕಾಗಿ ದೇವರಿಗೆ ಕೃತಜ್ಞ ಎಂದು ಗವರ್ನರ್ ವಿಲಿಯಂ ಬರ್ಕ್ಲಿ 1671ರಲ್ಲಿ ವರದಿ ಬರೆದ. ಓದಿದವರು ಅವಿಧೇಯರಾಗುತ್ತಾರೆ ಎಂಬುದು ಅವನ ನಂಬಿಕೆ.

ಆಯಸ್ಸಿನ ವಿಷಯ. ಮಲೇರಿಯಾದ ನಾಡು ಅದು. ಹೊಸದಾಗಿ ಬಂದವನು ಮೊದಲ ಬೇಸಗೆ ದಾಟಿದರೆ ಪುಣ್ಯ. ಇಪ್ಪತ್ತು ವರ್ಷ ದಾಟಿದ ಗಂಡಸೂ ಸಾಮಾನ್ಯವಾಗಿ ನಲವತ್ತರ ಆಸುಪಾಸಿನಲ್ಲಿ ತೀರಿಕೊಳ್ಳುತ್ತಿದ್ದ. ಮಕ್ಕಳು ದೊಡ್ಡವರಾಗುವ ಮೊದಲೇ ಅಪ್ಪನೋ ಅಮ್ಮನೋ ಇರುತ್ತಿರಲಿಲ್ಲ. ಮಲತಂದೆ, ಮಲತಾಯಿ, ಮಲ ಅಣ್ಣತಮ್ಮಂದಿರು ತುಂಬಿದ ಮನೆಗಳೇ ಜಾಸ್ತಿ. ಹೆಂಗಸರ ಸಂಖ್ಯೆಯೂ ತೀರಾ ಕಡಿಮೆ. 1621ರಲ್ಲಿ ಕಂಪನಿ ಹುಡುಗಿಯರನ್ನು ಕಳಿಸಿಕೊಟ್ಟಿತು. ಮದುವೆಯಾಗುವವನು ಒಬ್ಬೊಬ್ಬಳ ಖರ್ಚಿಗೆ 150 ಪೌಂಡ್ ತೂಕದ ಒಳ್ಳೆ ಹೊಗೆಸೊಪ್ಪು ಕೊಡಬೇಕಿತ್ತು.

ವರ್ಜೀನಿಯಾವನ್ನೇ ಆರಿಸುವುದಾದರೆ ವರ್ಷ ಯಾವುದು ಎಂದೂ ಬರೆಯಬೇಕು. 1609 ಅಂತೂ ಬೇಡವೇ ಬೇಡ. 1640ರ ಸುಮಾರಿನಲ್ಲಿ ಆಳಾಗಿ ಬಂದು ಕರಾರು ಮುಗಿಯುವವರೆಗೆ ಬದುಕಿದ ಹುಡುಗನಿಗೆ ಸ್ವಂತ ಹೊಲ ಮಾಡಿಕೊಳ್ಳುವ ದಾರಿ ಇತ್ತು. 1670ರ ಹೊತ್ತಿಗೆ ನದಿ ದಡದ ಒಳ್ಳೆಯ ಜಮೀನೆಲ್ಲ ದೊಡ್ಡವರ ಪಾಲಾಗಿತ್ತು. ಬಿಡುಗಡೆಯಾದ ಬಡವರು ಗಡಿಯ ಕಡೆಗೆ ಹೋಗಬೇಕಾಯಿತು. ಅವರ ಸಿಟ್ಟು 1676ರಲ್ಲಿ ನೆಥಾನಿಯಲ್ ಬೇಕನ್ನನ ದಂಗೆಯಲ್ಲಿ ಸಿಡಿಯಿತು, ಜೇಮ್ಸ್‌ಟೌನೇ ಸುಟ್ಟುಹೋಯಿತು. ಇಂಗ್ಲೆಂಡಿನಲ್ಲೂ ಕೂಲಿ ಏರುತ್ತಿತ್ತು, ಕರಾರಿಗೆ ಸಹಿ ಹಾಕುವವರು ಕಡಿಮೆಯಾದರು. ಜಮೀನ್ದಾರರು ಆಫ್ರಿಕಾದಿಂದ ತಂದ ಗುಲಾಮರ ಕಡೆ ತಿರುಗಿದರು.

ಆಫ್ರಿಕಾದವರು ಅಲ್ಲಿಗೆ ಮೊದಲು ಬಂದದ್ದು 1619ರ ಆಗಸ್ಟಿನಲ್ಲಿ, ಇಪ್ಪತ್ತಕ್ಕೂ ಹೆಚ್ಚು ಜನ. ಶುರುವಿನಲ್ಲಿ ಕೆಲವರು ಬಿಡುಗಡೆ ಪಡೆದು ಜಮೀನು ಮಾಡಿದ್ದೂ ಉಂಟು. ಆ ಬಾಗಿಲನ್ನು ಕಾನೂನು ಒಂದೊಂದಾಗಿ ಮುಚ್ಚಿತು. 1662ರ ಕಾನೂನು, ತಾಯಿ ಗುಲಾಮಳಾದರೆ ಮಗುವೂ ಗುಲಾಮ ಎಂದಿತು. 1705ರಲ್ಲಿ ಎಲ್ಲವನ್ನೂ ಸೇರಿಸಿ ಒಂದು ಸಂಹಿತೆ ಮಾಡಿದರು. ಕರಾರಿನ ಆಳಿಗೆ ಏಳು ವರ್ಷ. ಇವರಿಗೆ ಸಾಯುವವರೆಗೆ, ಮಕ್ಕಳಿಗೆ, ಮೊಮ್ಮಕ್ಕಳಿಗೆ. ಈ ಸಾಲನ್ನು ಓದುವಾಗ ಅಕ್ಕನ ಮಗಳು ಬಹಳ ಹೊತ್ತು ಮಾತಾಡಲಿಲ್ಲ.

ನ್ಯೂ ಇಂಗ್ಲೆಂಡ್: ಬಡ ಮಣ್ಣು, ಗಟ್ಟಿ ಆಯಸ್ಸು

ಹೋಮ್‌ವರ್ಕ್ ಪಟ್ಟಿಯಲ್ಲಿ ನ್ಯೂ ಇಂಗ್ಲೆಂಡ್ ಸಪ್ಪೆಯಾಗಿ ಕಾಣುತ್ತದೆ. ಕಲ್ಲು ಮಣ್ಣು, ಉದ್ದ ಚಳಿಗಾಲ, ಮಾರಲು ಬೆಳೆ ಇಲ್ಲ. ಆದರೆ ಆ ಚಳಿಯೇ ಕಾಪಾಡಿತು. ಮಲೇರಿಯಾ ಅಲ್ಲಿ ಹೆಚ್ಚು ಬೇರೂರಲಿಲ್ಲ. ನೀರು ಒಳ್ಳೆಯದು. ಮೊದಲ ಚಳಿಗಾಲ ಮಾತ್ರ ಇಲ್ಲೂ ಕ್ರೂರ. 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಪ್ಲಿಮತ್ತಿಗೆ ಬಂದ 102 ಪ್ರಯಾಣಿಕರಲ್ಲಿ ಸುಮಾರು ಅರ್ಧ ಜನ ವಸಂತ ನೋಡಲಿಲ್ಲ. ಅದಾದ ಮೇಲೆ ಚಿತ್ರ ಬದಲಾಯಿತು. ದೊಡ್ಡವರಾದ ಮಕ್ಕಳು ಅರವತ್ತು ದಾಟುವುದು ಸಾಮಾನ್ಯವಾಯಿತು. ಏಳೆಂಟು ಮಕ್ಕಳ ಮನೆಗಳು, ಮೊಮ್ಮಕ್ಕಳನ್ನು ಎತ್ತಿ ಆಡಿಸುವ ಅಜ್ಜ ಅಜ್ಜಿಯರು. ವರ್ಜೀನಿಯಾದಲ್ಲಿ ಆಗ ಅಜ್ಜ ಅಜ್ಜಿ ಅಪರೂಪ.

1630ರಲ್ಲಿ ಜಾನ್ ವಿನ್‌ಥ್ರಾಪ್ ಜೊತೆ ಮ್ಯಾಸಚೂಸೆಟ್ಸ್ ಕೊಲ್ಲಿಗೆ ಹಡಗುಗಳು ಬಂದವು. ಮುಂದಿನ ಹತ್ತು ವರ್ಷದಲ್ಲಿ ಸುಮಾರು 20,000 ಜನ ಬಂದರು. ಇಂಗ್ಲೆಂಡಿನಿಂದ ದೊಡ್ಡ ವಲಸೆ ಆಮೇಲೆ ನಿಂತೇಹೋಯಿತು. ಮುಂದೆ ಜನಸಂಖ್ಯೆ ಬೆಳೆದದ್ದು ಬಹುಪಾಲು ಅಲ್ಲೇ ಹುಟ್ಟಿದ ಮಕ್ಕಳಿಂದ.

ಜಮೀನು ಹಂಚಿದ ರೀತಿಯೂ ಬೇರೆ. ವರ್ಜೀನಿಯಾದಲ್ಲಿ ಒಬ್ಬ ಆಳನ್ನು ತಂದರೆ 50 ಎಕರೆ. ಆಳು ತರುವ ಶಕ್ತಿ ಇದ್ದವನಿಗೆ ಜಮೀನೂ ಸಿಕ್ಕಿತು, ದುಡಿಯುವ ಕೈಯೂ ಸಿಕ್ಕಿತು. ಇಲ್ಲಿ ಆಡಳಿತ ಜಮೀನನ್ನು ಒಂದು ಊರಿಗೆ ಕೊಡುತ್ತಿತ್ತು. ಊರಿನವರು ಪ್ರಾರ್ಥನೆಯ ಮನೆ ಕಟ್ಟಿಕೊಂಡು, ಗೋಮಾಳ ಬಿಟ್ಟು, ಉಳಿದದ್ದನ್ನು ಮನೆಗಳಿಗೆ ಹಂಚುತ್ತಿದ್ದರು. ಎಲ್ಲರಿಗೂ ಸಮ ಪಾಲು ಅಂತಲ್ಲ, ಆದರೆ ತೀರಾ ದೊಡ್ಡ ಜಮೀನ್ದಾರನೂ ಇಲ್ಲ, ತೀರಾ ಇಲ್ಲದವನೂ ಕಡಿಮೆ. ಮನೆಗಳು ಹತ್ತಿರ ಹತ್ತಿರ ಇದ್ದವು. ಹಾಗಾಗಿ ಸ್ಕೂಲು ಸಾಧ್ಯವಾಯಿತು. 50 ಮನೆಗಳಿರುವ ಊರು ಓದು ಬರಹ ಕಲಿಸಲು ಒಬ್ಬರನ್ನು ಇಡಬೇಕು, 100 ಮನೆಗಳಾದರೆ ದೊಡ್ಡ ಸ್ಕೂಲೇ ಬೇಕು ಎಂದು 1647ರಲ್ಲಿ ಮ್ಯಾಸಚೂಸೆಟ್ಸ್ ಕಾನೂನು ಮಾಡಿತು. ಬೈಬಲ್ ಓದಲು ಬರಬೇಕು ಎನ್ನುವುದೇ ಉದ್ದೇಶ. ಆದರೆ ಅಕ್ಷರ ಕಲಿತವರು ಬೈಬಲ್ಲಿಗೇ ನಿಲ್ಲುತ್ತಾರಾ? ಹಾರ್ವರ್ಡ್ ಕಾಲೇಜು 1636ರಲ್ಲೇ ಶುರುವಾಗಿತ್ತು.

ಹೊಟ್ಟೆಪಾಡಿಗೆ ಸಮುದ್ರ ಇತ್ತು. ಕಾಡ್ ಮೀನನ್ನು ಉಪ್ಪು ಹಾಕಿ ಒಣಗಿಸಿ ಮಾರಿದರು. ಕಾಡಿನ ಮರದಿಂದ ಹಡಗು ಕಟ್ಟಿದರು, ಹಡಗಿನಿಂದ ವ್ಯಾಪಾರ ಬೆಳೆಸಿದರು. ಬಡಗಿ, ಕಮ್ಮಾರ, ಹಗ್ಗ ಹೊಸೆಯುವವನು, ಪೀಪಾಯಿ ಮಾಡುವವನು, ಎಲ್ಲರಿಗೂ ಕೆಲಸ. ಕೈಕಸುಬು ಗೊತ್ತಿದ್ದವನಿಗೆ ಬಾಸ್ಟನ್ ಒಳ್ಳೆಯ ಜಾಗ.

ತೊಡಕು ನಂಬಿಕೆಯದ್ದು. ತಮ್ಮ ನಂಬಿಕೆಗಾಗಿ ಇಂಗ್ಲೆಂಡ್ ಬಿಟ್ಟು ಬಂದ ಪ್ಯೂರಿಟನ್ನರು ಬೇರೆಯವರ ನಂಬಿಕೆಗೆ ಜಾಗ ಕೊಡಲಿಲ್ಲ. ಮ್ಯಾಸಚೂಸೆಟ್ಸಿನಲ್ಲಿ ಚರ್ಚಿನ ಸದಸ್ಯನಲ್ಲದವನಿಗೆ ಬಹಳ ಕಾಲ ಓಟು ಇರಲಿಲ್ಲ. ರೋಜರ್ ವಿಲಿಯಮ್ಸ್‌ರನ್ನು ಹೊರಗೆ ಹಾಕಿದರು. ಅವರು 1636ರಲ್ಲಿ ಪ್ರಾವಿಡೆನ್ಸ್ ಊರು ಕಟ್ಟಿ, ರೋಡ್ ಐಲೆಂಡ್ ವಸಾಹತಿಗೆ ಬುನಾದಿ ಹಾಕಿದರು. ಮನೆಯಲ್ಲಿ ಸಭೆ ಸೇರಿಸಿ ಪಾದ್ರಿಗಳನ್ನು ಪ್ರಶ್ನಿಸಿದ ಆನ್ ಹಚಿನ್ಸನ್‌ರನ್ನೂ ಗಡೀಪಾರು ಮಾಡಿದರು. ಕ್ವೇಕರ್ ಎಂಬ ಕ್ರೈಸ್ತ ಪಂಥದ ಮೇರಿ ಡೈಯರ್‌ರನ್ನು 1660ರಲ್ಲಿ ಬಾಸ್ಟನ್ನಿನಲ್ಲಿ ಗಲ್ಲಿಗೇರಿಸಿದರು. 1692ರ ಸೇಲಂನಲ್ಲಿ ಮಾಟಗಾತಿ, ಮಾಟಗಾರ ಎಂದು 19 ಜನರನ್ನು ನೇಣಿಗೆ ಹಾಕಿದರು. ಪ್ರಶ್ನೆ ಕೇಳುವ ಸ್ವಭಾವದ ಹೆಣ್ಣುಮಗಳಿಗೆ ಈ ಊರುಗಳನ್ನು ನಾನು ಆರಿಸಿಕೊಡಲಾರೆ.

ಇನ್ನೊಂದು ಮಾತು. ಪ್ಲಿಮತ್ ಕಟ್ಟಿದ್ದು ಖಾಲಿ ನೆಲದ ಮೇಲಲ್ಲ. ಅದು ಪಟುಕ್ಸೆಟ್ ಎಂಬ ಊರು. ಯೂರೋಪಿನ ಹಡಗುಗಳ ಜೊತೆ ಬಂದ ರೋಗ 1616–19ರ ನಡುವೆ ಆ ಊರಿನವರನ್ನು ಬಲಿ ತೆಗೆದುಕೊಂಡಿತ್ತು. ಮೇಫ್ಲವರ್‌ನವರಿಗೆ ಸಿಕ್ಕಿದ್ದು ಅವರು ಹಸನು ಮಾಡಿಟ್ಟಿದ್ದ ಹೊಲಗಳು. ಜೋಳ ಬಿತ್ತುವುದು ಹೇಗೆ ಎಂದು ಕಲಿಸಿದ ಟಿಸ್ಕ್ವಾಂಟಂ ಆ ಊರಿನ ಮನುಷ್ಯ. ಅದಕ್ಕೆ ಮೊದಲು ಒಬ್ಬ ಇಂಗ್ಲಿಷ್ ಕ್ಯಾಪ್ಟನ್ ಅವನನ್ನು ಹಿಡಿದು ಸ್ಪೇನಿಗೆ ಮಾರಲು ಒಯ್ದಿದ್ದ. ಅವನು ತಿರುಗಿ ಬರುವಷ್ಟರಲ್ಲಿ ಊರೇ ಇರಲಿಲ್ಲ.

ಬಾರ್ಬಡೋಸ್ ಮತ್ತು ಕ್ಯಾರೊಲಿನಾ: ಸಕ್ಕರೆ, ಭತ್ತ, ನೀಲಿ

ಹೋಮ್‌ವರ್ಕಿನಲ್ಲಿ ಬಾರ್ಬಡೋಸ್ ಇರಲೇ ಇಲ್ಲ. ಇರಬೇಕಿತ್ತು. 17ನೇ ಶತಮಾನದಲ್ಲಿ ನ್ಯೂ ಇಂಗ್ಲೆಂಡಿಗಿಂತ ಎಷ್ಟೋ ಪಟ್ಟು ಜಾಸ್ತಿ ಇಂಗ್ಲಿಷರು ಕೆರಿಬಿಯನ್ ದ್ವೀಪಗಳಿಗೆ ಹೋದರು. 1627ರಲ್ಲಿ ಶುರುವಾದ ಬಾರ್ಬಡೋಸ್ 1640ರ ದಶಕದಲ್ಲಿ ಕಬ್ಬಿಗೆ ತಿರುಗಿತು. ಇಂಗ್ಲಿಷ್ ವಸಾಹತುಗಳಲ್ಲಿ ಅದಕ್ಕಿಂತ ಹಣವಂತ ಜಾಗ ಆಗ ಇನ್ನೊಂದಿರಲಿಲ್ಲ. ಗುಲಾಮರು ಅಲ್ಲಿ ಹುಟ್ಟಿದ್ದಕ್ಕಿಂತ ಜಾಸ್ತಿ ಸತ್ತರು. ಅದಕ್ಕೇ ಹಡಗುಗಳು ಹೊಸಬರನ್ನು ತರುತ್ತಲೇ ಇದ್ದವು. ದ್ವೀಪ ಚಿಕ್ಕದು, ಕರಾರು ಮುಗಿಸಿದ ಬಿಳಿಯರಿಗೆ ಜಮೀನೇ ಉಳಿಯಲಿಲ್ಲ.

1670ರಲ್ಲಿ ಕ್ಯಾರೊಲಿನಾದ ಚಾರ್ಲ್ಸ್ ಟೌನ್ ಕಟ್ಟಿದವರಲ್ಲಿ ಈ ಬಾರ್ಬಡೋಸಿನವರೇ ಮುಂದಾಳುಗಳು. ಜೊತೆಗೆ ಗುಲಾಮರನ್ನೂ, ಗುಲಾಮರ ಕಾನೂನನ್ನೂ ತಂದರು. ಮೊದಲು ಜಿಂಕೆ ಚರ್ಮ, ದನ, ಹಡಗಿಗೆ ಬಳಿಯುವ ಟಾರು ಮಾರಿದರು. ಸ್ಥಳೀಯ ಜನರನ್ನು ಹಿಡಿದು ದ್ವೀಪಗಳಿಗೆ ಮಾರಿದರು. 1690ರ ದಶಕದಿಂದ ಭತ್ತ ಬಂತು.

ಭತ್ತದ ಪಾಠ ಬಂದಾಗ ನಮಗಿಬ್ಬರಿಗೂ ಗದ್ದೆ ಕಣ್ಣಿಗೆ ಕಟ್ಟಿತು. ಇಂಗ್ಲಿಷರಿಗೆ ಭತ್ತ ಬೆಳೆದು ಗೊತ್ತಿರಲಿಲ್ಲ. ಪಶ್ಚಿಮ ಆಫ್ರಿಕಾದ ಕರಾವಳಿಯ ಜನಕ್ಕೆ ತಲೆತಲಾಂತರದಿಂದ ಗೊತ್ತಿತ್ತು. ಜೌಗಿಗೆ ಬದು ಹಾಕುವುದು, ತೂಬಿನಲ್ಲಿ ನೀರು ಹಿಡಿದು ಬಿಡುವುದು, ಒರಳಲ್ಲಿ ಹಾಕಿ ಒನಕೆಯಲ್ಲಿ ಕುಟ್ಟುವುದು, ಅಗಲ ಮೊರದಂಥ ಬುಟ್ಟಿಯಲ್ಲಿ ಕೇರುವುದು. ಕ್ಯಾರೊಲಿನಾದ ಗದ್ದೆಗಳಲ್ಲಿ ಇದನ್ನೆಲ್ಲ ಮಾಡಿದ್ದು ಗುಲಾಮರಾಗಿ ಬಂದ ಆ ಗಂಡಸರು, ಹೆಂಗಸರು. ಯಂತ್ರ ಬರುವವರೆಗೆ ಕುಟ್ಟುವ ಕೆಲಸವಂತೂ ಪ್ರಾಣ ಹಿಂಡುವಂಥದ್ದು. ದಿನಕ್ಕೆ ಇಷ್ಟು ಎಂದು ಕೆಲಸ ಅಳೆದು ಕೊಡುತ್ತಿದ್ದರು, ಗದ್ದೆಯಲ್ಲಾದರೆ ಸಾಮಾನ್ಯವಾಗಿ ಕಾಲು ಎಕರೆ. ಅದು ಮುಗಿದ ಮೇಲೆ ಉಳಿದ ಹೊತ್ತಲ್ಲಿ ತಮ್ಮ ಪುಟ್ಟ ತೋಟ ಮಾಡಿಕೊಳ್ಳುತ್ತಿದ್ದರು. 1708ರ ಹೊತ್ತಿಗೆ ದಕ್ಷಿಣ ಕ್ಯಾರೊಲಿನಾದಲ್ಲಿ ಬಿಳಿಯರಿಗಿಂತ ಕಪ್ಪು ಜನರೇ ಹೆಚ್ಚಾಗಿದ್ದರು. 1740ರ ದಶಕದಲ್ಲಿ ಎಲೈಜಾ ಲೂಕಸ್ ಎಂಬ ಯುವತಿಯ ಪ್ರಯತ್ನದಿಂದ ಬಟ್ಟೆಗೆ ಬಣ್ಣ ಹಾಕುವ ನೀಲಿಯ ಬೆಳೆಯೂ ಬಂತು. ಅದರ ದುಡಿಮೆಯೂ ಅದೇ ಕೈಗಳದ್ದು. 1739ರಲ್ಲಿ ಸ್ಟೋನೋ ನದಿಯ ಹತ್ತಿರ ಗುಲಾಮರು ದಂಗೆ ಎದ್ದರು. ಆಮೇಲೆ ಕಾನೂನು ಇನ್ನೂ ಬಿಗಿಯಾಯಿತು, ಅವರಿಗೆ ಬರೆಯಲು ಕಲಿಸುವುದೂ ಅಪರಾಧವಾಯಿತು.

ಹಣವಂತ ಬಿಳಿಯನಿಗೆ ಚಾರ್ಲ್ಸ್ ಟೌನ್ ಸೊಗಸಾದ ಪೇಟೆ. ಮಿಕ್ಕವರಿಗೆ ಮಲೇರಿಯಾ, ಹಳದಿ ಜ್ವರ. ಪಕ್ಕದ ಜಾರ್ಜಿಯಾ 1733ರಲ್ಲಿ ಬಡ ಇಂಗ್ಲಿಷರಿಗಾಗಿ ಶುರುವಾಗಿ, ಗುಲಾಮಗಿರಿ ಬೇಡ ಎಂದು 1735ರಲ್ಲಿ ಕಾನೂನನ್ನೂ ಮಾಡಿತ್ತು. ಕ್ಯಾರೊಲಿನಾದ ಲಾಭ ನೋಡಿ ಅಲ್ಲಿಯವರೂ ತಡೆಯಲಾರದೆ ಹೋದರು. 1750ಕ್ಕೆ ಆ ಕಾನೂನು ಬಿತ್ತು.

ಪೆನ್ಸಿಲ್ವೇನಿಯಾ: ಗೋಧಿಯ ನಾಡು

ರಾಜ ಎರಡನೇ ಚಾರ್ಲ್ಸ್‌ನಿಗೆ ವಿಲಿಯಂ ಪೆನ್ನರ ತಂದೆಯ ಸಾಲ ಬಾಕಿ ಇತ್ತು. ಅದರ ಬದಲಿಗೆ 1681ರಲ್ಲಿ ಈ ನೆಲವನ್ನು ಮಗನಿಗೆ ಬರೆದುಕೊಟ್ಟ. ಪೆನ್ ಕ್ವೇಕರ್, ನಂಬಿಕೆಗಾಗಿ ಜೈಲು ಕಂಡವರು. ದೇವರನ್ನು ನಂಬುವ ಯಾರೇ ಬಂದರೂ ಅವರ ಪಾಡಿಗೆ ಅವರನ್ನು ಬಿಡುತ್ತೇವೆ ಎಂದರು. 100 ಪೌಂಡ್ ಹಣಕ್ಕೆ 5,000 ಎಕರೆ ಎಂದು ಜಮೀನು ಮಾರಿದರು. ಜರ್ಮನ್, ಡಚ್ ಭಾಷೆಗಳಲ್ಲಿ ಪ್ರಚಾರ ಮಾಡಿದರು. 1683ರಲ್ಲಿ ಜರ್ಮನ್ ಕಡೆಯವರು ಬಂದು ಫಿಲಡೆಲ್ಫಿಯಾ ಪಕ್ಕದಲ್ಲಿ ಜರ್ಮನ್‌ಟೌನ್ ಕಟ್ಟಿದರು.

ಮಣ್ಣು ನ್ಯೂ ಇಂಗ್ಲೆಂಡಿಗಿಂತ ಒಳ್ಳೆಯದು, ಜ್ವರ ವರ್ಜೀನಿಯಾಕ್ಕಿಂತ ಕಡಿಮೆ. ಗೋಧಿ ಹುಲುಸಾಗಿ ಬಂತು. ಗೋಧಿಗೆ ಹೊಗೆಸೊಪ್ಪಿನಂತೆ ವರ್ಷವಿಡೀ ಆಳು ಬೇಡ. ಬಿತ್ತನೆಗೆ, ಕೊಯ್ಲಿಗೆ ಜನ ಸಿಕ್ಕರೆ ಆಯಿತು, ಉಳಿದದ್ದು ಮನೆಯವರೇ ನೋಡಿಕೊಳ್ಳಬಹುದು. ಅದರ ಜೊತೆ ಹಿಟ್ಟಿನ ಗಿರಣಿ, ಬಂಡಿ, ಪೀಪಾಯಿ, ರೊಟ್ಟಿ ಸುಡುವ ಅಂಗಡಿ, ಬಂದರು ಎಲ್ಲ ಬೆಳೆದವು. ಹೊಗೆಸೊಪ್ಪು ಪೇಟೆಯನ್ನು ಬೆಳೆಸಲಿಲ್ಲ, ಗೋಧಿ ಬೆಳೆಸಿತು. 1723ರಲ್ಲಿ ಹದಿನೇಳು ವರ್ಷದ ಬೆಂಜಮಿನ್ ಫ್ರಾಂಕ್ಲಿನ್ ಬಾಸ್ಟನ್ನಿನ ಅಚ್ಚುಕೂಟದಿಂದ ಓಡಿಹೋಗಿ ನೆಲೆ ಕಂಡದ್ದು ಫಿಲಡೆಲ್ಫಿಯಾದಲ್ಲೇ. ಕಾಲ ಸ್ವಲ್ಪ ಮುಂದಿನದಾದರೂ ನಮ್ಮವರಿಗೆ ಹೇಳದಿರಲಾರೆ: 1782ರಲ್ಲಿ ಪೆನ್ಸಿಲ್ವೇನಿಯಾ ಇಂಗ್ಲಿಷರ ವಿರುದ್ಧ ಸಜ್ಜುಗೊಳಿಸಿದ ಒಂದು ಯುದ್ಧನೌಕೆಯ ಹೆಸರು 'ಹೈದರ್ ಅಲಿ'. ಮೈಸೂರಿನ ಹೈದರನ ಹೆಸರೇ.

ಇಲ್ಲಿ ಗುಲಾಮರು ಇರಲಿಲ್ಲ ಎಂದು ಬರೆಯಬೇಡ ಎಂದು ಅಕ್ಕನ ಮಗಳಿಗೆ ಹೇಳಿದೆ. ಇದ್ದರು. ಪೆನ್ನರ ಮನೆಯಲ್ಲೂ ಇದ್ದರು. ಆದರೆ 1688ರಲ್ಲಿ ಜರ್ಮನ್‌ಟೌನಿನ ನಾಲ್ವರು, ಮನುಷ್ಯರನ್ನು ಮಾರುವುದು ತಪ್ಪು ಎಂದು ಬರೆದು ಸಹಿ ಹಾಕಿ ಕ್ವೇಕರ್ ಸಭೆಗೆ ಕೊಟ್ಟರು. ಸಭೆ ಆಗ ಅದನ್ನು ಬದಿಗಿಟ್ಟಿತು. ಆದರೂ ಆ ಕಾಗದ ಉಳಿದಿದೆ. ಅಲ್ಲಿಯ ಮೂಲನಿವಾಸಿಗಳಾದ ಲೆನಾಪೆ ಜನರ ಜೊತೆ ಪೆನ್ ಹಣ ಕೊಟ್ಟು, ಮಾತಾಡಿ ಜಮೀನು ತೆಗೆದುಕೊಂಡರು. ಪೆನ್ನರ ಮಕ್ಕಳು 1737ರಲ್ಲಿ ಹಳೆಯ ಒಪ್ಪಂದ ತೋರಿಸಿ, ಒಂದೂವರೆ ದಿನ ನಡೆದಷ್ಟು ದೂರ ನಮ್ಮದು ಎಂದರು. ನಡೆಯಲು ಬಿಟ್ಟದ್ದು ಓಟಗಾರರನ್ನು. ಲೆನಾಪೆಗಳ ನೆಲ ಹಾಗೆ ಹೋಯಿತು.

ನ್ಯೂಯಾರ್ಕಿನ ಬಗ್ಗೆ ಚಿಕ್ಕದಾಗಿ. 1664ರವರೆಗೆ ಅದು ಡಚ್ಚರದ್ದು. ವ್ಯಾಪಾರಿಗೆ ಒಳ್ಳೆಯ ಊರು. ರೈತನಿಗೆ ಅಷ್ಟು ಒಳ್ಳೆಯದಲ್ಲ. ಹಡ್ಸನ್ ನದಿ ದಡದ ಜಮೀನು ದೊಡ್ಡ ಒಡೆಯರ ಕೈಯಲ್ಲಿತ್ತು, ಗೇಣಿ ಕಟ್ಟಿ ಉಳಬೇಕಿತ್ತು. 1711ರಲ್ಲಿ ವಾಲ್ ಸ್ಟ್ರೀಟಿನಲ್ಲಿ ಗುಲಾಮರನ್ನು ಮಾರುವ, ಬಾಡಿಗೆಗೆ ಕೊಡುವ ಕಟ್ಟೆಯನ್ನೇ ತೆರೆದರು. ಅವಳಿರುವ ನ್ಯೂ ಜೆರ್ಸಿ ಆಗ ಪೂರ್ವ, ಪಶ್ಚಿಮ ಎಂದು ಎರಡು ಹೋಳು, 1702ರಲ್ಲಿ ಒಂದಾಯಿತು. ಪಶ್ಚಿಮದ್ದು ಕ್ವೇಕರರ ಕಡೆ.

ಯಾರಿಗೆ ಯಾವುದು

ದುಡ್ಡಿದೆ, ಇನ್ನೂ ದುಡ್ಡು ಬೇಕು, ಯಾರ ಬೆವರು ಎಂದು ಕೇಳುವುದಿಲ್ಲ ಎನ್ನುವವನು ಬಾರ್ಬಡೋಸ್, ಕ್ಯಾರೊಲಿನಾ ಕಡೆ ಹೋದ. ಸಿಕ್ಕಿದ್ದೂ ಉಂಟು, ನಡುವಯಸ್ಸಿಗೆ ಜ್ವರದಲ್ಲಿ ಹೋದದ್ದೂ ಉಂಟು. ಕೈಯಲ್ಲಿ ಕಾಸಿಲ್ಲದ ಒಂಟಿ ಹುಡುಗನಿಗೆ 1640ರ ಸುಮಾರಿನ ಮೇರಿಲ್ಯಾಂಡ್ ಬದುಕಿದರೆ ಜಮೀನು ಕೊಡುತ್ತಿತ್ತು. 1690ರ ನಂತರ ಅದೇ ಹುಡುಗ ಪೆನ್ಸಿಲ್ವೇನಿಯಾಕ್ಕೆ ಹೋಗುವುದು ಮೇಲು. ಸಂಸಾರಸ್ಥ, ಪ್ಯೂರಿಟನ್, ಮಕ್ಕಳು ಓದಬೇಕು ಅನ್ನುವವನಿಗೆ ಮ್ಯಾಸಚೂಸೆಟ್ಸ್. ಅದೇ ಸಂಸಾರಸ್ಥ ಪಾದ್ರಿಯನ್ನು ಒಪ್ಪದವನಾದರೆ ರೋಡ್ ಐಲೆಂಡ್. ಹೆಣ್ಣುಮಕ್ಕಳಿಗೆ ಎಲ್ಲ ಕಡೆಯೂ ಮದುವೆಯಾದ ಮೇಲೆ ಆಸ್ತಿ ಗಂಡನ ಕೈಗೇ. ಆದರೂ ಕ್ವೇಕರ್ ಸಭೆಯಲ್ಲಿ ಹೆಂಗಸರು ಎದ್ದು ನಿಂತು ಮಾತಾಡುತ್ತಿದ್ದರು, ತಮ್ಮದೇ ಸಭೆ ನಡೆಸುತ್ತಿದ್ದರು. ಮೇರಿ ಡೈಯರ್‌ಗೆ ಬಾಸ್ಟನ್ನಿನಲ್ಲಿ ನೇಣು, ಅಂಥವರಿಗೇ ಫಿಲಡೆಲ್ಫಿಯಾದಲ್ಲಿ ಮುಂದಿನ ಸಾಲು. ನನ್ನ ಉತ್ತರ ಅದೇ: ಫಿಲಡೆಲ್ಫಿಯಾ, 1690ರ ಸುಮಾರು. ಗೋಧಿ, ಗಿರಣಿ, ಹೇಗೋ ಬದುಕಿಕೊಳ್ಳಬಹುದಾದ ಹವೆ.

ಅಕ್ಕನ ಮಗಳೂ ವರ್ಜೀನಿಯಾ ಅಳಿಸಿ ಪೆನ್ಸಿಲ್ವೇನಿಯಾ ಬರೆದಳು. "ಆ ಗೋಧಿಹಿಟ್ಟನ್ನು ಯಾರು ಕೊಳ್ಳುತ್ತಿದ್ದರು?" ಎಂದು ಕೇಳಿದಳು. ಬಹಳಷ್ಟು ಹಡಗಿನಲ್ಲಿ ಕೆರಿಬಿಯನ್ ದ್ವೀಪಗಳಿಗೆ ಹೋಗುತ್ತಿತ್ತು. ಅಲ್ಲಿ ನೆಲವೆಲ್ಲ ಕಬ್ಬಿಗೇ, ಹೊಟ್ಟೆಗೆ ಹೊರಗಿನಿಂದ ಬರಬೇಕು. ನ್ಯೂ ಇಂಗ್ಲೆಂಡಿನ ಕಾಡ್ ಮೀನಿನಲ್ಲಿ ಒಳ್ಳೆಯದು ಸ್ಪೇನ್, ಪೋರ್ಚುಗಲ್ಲಿಗೆ ಹೋದರೆ, ಕಳಪೆಯದು ಅದೇ ದ್ವೀಪಗಳ ಗುಲಾಮರ ತಟ್ಟೆಗೆ. ಅಲ್ಲಿಯ ಕಾಕಂಬಿ ನ್ಯೂ ಇಂಗ್ಲೆಂಡಿಗೆ ಬಂದು ರಮ್ ಆಗುತ್ತಿತ್ತು. ಮೂರು ಪ್ರದೇಶ ಎಂದು ಪಟ್ಟಿಯಲ್ಲಿ ಮೂರು ಖಾನೆ ಹಾಕಿದ್ದರು. ನಾವು ಪೆನ್ಸಿಲಿನಲ್ಲಿ ಖಾನೆಯಿಂದ ಖಾನೆಗೆ ಬಾಣ ಎಳೆದೆವು. ಎಲ್ಲ ಬಾಣವೂ ಪಟ್ಟಿಯಲ್ಲೇ ಇಲ್ಲದ ಬಾರ್ಬಡೋಸಿನ ಕಡೆ ತಿರುಗಿದವು.

ಕೊನೆಗೆ ಅವಳು ಕೇಳಿದ್ದು, "ನಮ್ಮಂಥವರು ಯಾರಾದರೂ ಇದ್ರಾ ಅಲ್ಲಿ?" ಇದ್ದರು. 1630ರ ದಶಕದ ವರ್ಜೀನಿಯಾದ ಜಮೀನು ದಾಖಲೆಯಲ್ಲಿ 'ಟೋನಿ, ಈಸ್ಟ್ ಇಂಡಿಯನ್' ಎಂದು ಒಬ್ಬನ ಹೆಸರಿದೆ. ಆಗ ಹಾಗೆ ಕರೆಯುತ್ತಿದ್ದದ್ದು ನಮ್ಮ ಕಡೆಯವರನ್ನು. ಆ ದಾಖಲೆ ಬರೆದದ್ದು ಅವನಿಗಾಗಿ ಅಲ್ಲ. ಅವನನ್ನು ಕರೆತಂದ ಲೆಕ್ಕದಲ್ಲಿ ಜಮೀನ್ದಾರನಿಗೆ ನೆಲ ಸಿಗಬೇಕಿತ್ತು, ಅದಕ್ಕೆ. ಹೋಮ್‌ವರ್ಕಿನ ಹಾಳೆಯ ತಳದಲ್ಲಿ ಜಾಗ ಉಳಿದಿತ್ತು. ಅವಳು ಅಲ್ಲಿ 'ಟೋನಿ' ಎಂದು ಬರೆದಳು. ಪಕ್ಕದಲ್ಲಿ 'ವರ್ಜೀನಿಯಾ, 50 ಎಕರೆ, ಒಡೆಯನಿಗೆ' ಎಂದು ಬರೆದಳು.